ಬಿಗಿಬಟ್ಟೆಯ ಕೆಲಸ, ಅರ್ಧ ಸಂಬಳ

ಜನವರಿ ೧೧

ಅಣ್ಣಾ,

ಹೋದ ಭಾನುವಾರ ಫೋನ್ ಮಾಡಲಿಲ್ಲ ಅಂತ ಮುಖ ಊದಿಸಿಕೊಂಡು ಕೂತಿರ್ತೀಯ. ಕೆಳಗಿನ ಅಂಗಡಿಯ ಫೋನು ಕೆಟ್ಟಿದೆ. ಅದಕ್ಕೇ ಈ ಕಾಗದ. ಒಂದು ಲೆಕ್ಕದಲ್ಲಿ ಒಳ್ಳೆಯದೇ ಆಯ್ತು. ಫೋನಿನಲ್ಲಾದರೆ ನಾನು ಬಾಯಿ ತೆರೆಯುವುದರೊಳಗೆ ನಿನ್ನ ಭಾಷಣ ಮುಗಿದಿರುತ್ತೆ. ಕಾಗದಕ್ಕೆ ಅಡ್ಡಬಾಯಿ ಹಾಕಲು ಆಗಲ್ಲ. ಪೂರ್ತಿ ಓದು, ಆಮೇಲೆ ಬೈ.

ನನಗೆ ಬೇರೆ ಕೆಲಸ ಸಿಕ್ಕಿದೆ. ಸಂಬಳ ಈಗಿನದರಲ್ಲಿ ಅರ್ಧ.

ಮಡಚಿಡಬೇಡ, ಓದು. ಗಾರ್ಮೆಂಟ್ಸಿನಲ್ಲಿ ನನ್ನ ಲೈನಿನ ಕಾಲರ್ ಹೊಲಿಯುವ ಅಕ್ಕ ಇದ್ದಾಳಲ್ಲ, ಅವಳ ಬಲಗೈ ಬೆಂದುಹೋಯಿತು. ಇಸ್ತ್ರಿ ಹಾಕುವ ಕಡೆಯ ಹಬೆ ಪೈಪು ಎಷ್ಟೋ ದಿನದಿಂದ ಸೋರುತ್ತಿತ್ತು. ಚಿಂದಿ ಸುತ್ತಿ ಬಿಟ್ಟಿದ್ದರು. ಅವಳು ಬಂಡಲ್ ಎತ್ತಿಕೊಂಡು ಬರುವಾಗ ಚಿಂದಿ ಬಿಚ್ಚಿಕೊಂಡಿತು. ಮ್ಯಾನೇಜರು ಓಡಿಬಂದು ನನ್ನನ್ನು ಕೇಳಿದ ಮೊದಲ ಮಾತು: "ಅವಳ ಮಿಷನ್ನಿಗೆ ಯಾರನ್ನ ಕೂರಿಸ್ತೀಯ?" ನಾನೂ ಒಬ್ಬಳನ್ನು ಕೂರಿಸಿದೆ. ಕೂಗಿ, ಬೈದು, ಆ ದಿನದ ಟಾರ್ಗೆಟ್ ಮುಟ್ಟಿಸಿದೆ. ಆಸ್ಪತ್ರೆಗೆ ಹೋದದ್ದು ಅದಾದ ಮೇಲೆ.

ಅಲ್ಲಿ ಸುಟ್ಟಗಾಯದ ವಾರ್ಡಿನ ಹಿಂದೆ ಒಂದು ಹೊಲಿಗೆ ಕೋಣೆ ಇದೆ. ಸುಟ್ಟ ಚರ್ಮ ಮಾಗುವಾಗ ಗಂಟುಗಂಟಾಗಿ ಬಿಗಿದುಕೊಳ್ಳುತ್ತದಂತೆ. ಕೈ ಮಡಚಲು ಬರಲ್ಲ, ಕತ್ತು ತಿರುಗಲ್ಲ. ಅದಕ್ಕೆ ಹಿಗ್ಗುವ ಬಟ್ಟೆಯಲ್ಲಿ ಮೈಗೆ ಒತ್ತಿಕೊಳ್ಳುವ ತೋಳು, ಕೈಗವಸು, ಮುಖಕ್ಕೆ ಮುಸುಕು ಹೊಲಿದು ಹಗಲೂ ರಾತ್ರಿ ತೊಡಿಸ್ತಾರೆ. ವಾರ್ಡಿನವರು ಬಿಗಿಬಟ್ಟೆ ಅಂತಾರೆ. ವಾರಗಳು ಕಳೆದು ಗಾಯ ಒಣಗಿದ ಮೇಲೆ ಅಕ್ಕನ ತೋಳಿಗೆ ಹೊಲಿದದ್ದನ್ನು ನಾನು ತಿರುವಿ ಹೊಲಿಗೆ ನೋಡುತ್ತಿದ್ದೆ. ಅದನ್ನು ನೋಡಿದ ಡಾಕ್ಟರಮ್ಮ, "ನೀನು ಹೊಲೀತೀಯಾ?" ಅಂದರು. ಸೂಪರ್‌ವೈಸರ್ ಆಗುವ ಮೊದಲು ಸ್ಯಾಂಪಲ್ ಟೇಲರ್ ಆಗಿದ್ದೆ ಅಂದೆ. ಒಗೆದಾಗ ಬದಲಿಸಲು ಅದೇ ಕೈಗೆ ಎರಡನೇ ತೋಳು ನನ್ನ ಕೈಲೇ ಹೊಲಿಸಿದರು.

ಎಂಥಾ ಮರ್ಯಾದೆ ಹೋಯ್ತು ಗೊತ್ತಾ! ಇಷ್ಟು ವರ್ಷದ ಅಭ್ಯಾಸ, ಅಳತೆ ತೆಗೆದು, ಕೈಯಾಡಲಿ ಅಂತ ಎರಡು ಬೆರಳು ಸಡಿಲ ಬಿಟ್ಟು ಕತ್ತರಿಸಿಬಿಟ್ಟೆ. ಡಾಕ್ಟರಮ್ಮ ಅದನ್ನು ಎತ್ತಿ ಹಿಡಿದು, "ಇದರೊಳಗೆ ಕೈ ಜೊತೆ ಊಟದ ಡಬ್ಬಿಯೂ ಹೋಗುತ್ತೆ ಕಣಮ್ಮಾ" ಅಂತ ನಕ್ಕರು. ಇಲ್ಲಿ ಬಟ್ಟೆ ಮೈಗಿಂತ ಚಿಕ್ಕದಿರಬೇಕಂತೆ. ಎಷ್ಟು ಚಿಕ್ಕದು ಅನ್ನುವುದರಲ್ಲೇ ಇರೋದು ವಿದ್ಯೆ. ಕಡಿಮೆಯಾದರೆ ಪ್ರಯೋಜನ ಇಲ್ಲ, ಹೆಚ್ಚಾದರೆ ರಕ್ತ ನಿಲ್ಲುತ್ತೆ. ಬಿಚ್ಚಿ ಬಿಚ್ಚಿ ಹೊಲಿದೆ. ಮುಂದಿನ ಸಲ ಅಕ್ಕ ಬಂದಾಗ ತನ್ನ ಜಡೆ ತಾನೇ ಹಾಕಿಕೊಂಡು ತೋರಿಸಿದಳು. ಓರೆಕೋರೆ ಜಡೆ. ನಾನು ಆಚೆ ಹೋಗಿ ಅತ್ತು ಬಂದೆ.

ಆ ಕೋಣೆಗೇ ಕೆಲಸಕ್ಕೆ ಬಾ ಅಂದಿದ್ದಾರೆ, ಮಾರ್ಚ್ ಕೊನೆಯ ತನಕ ಜಾಗ ಹಿಡಿದಿಡ್ತಾರೆ. ಆದರೆ ಚೂಟಿಯ ಶಾಲೆಯ ಫೀಸು ಹೋಗೋದು ನನ್ನ ಸಂಬಳದಲ್ಲಿ. ನೀನು ಅಲ್ಲಿ ಕ್ರೇನ್ ಓಡಿಸಿ ಕಳಿಸೋದು ಬಾಡಿಗೆಗೂ ಮನೆಗೂ ಸರಿಹೋಗುತ್ತೆ. ನಾನು ಅಲ್ಲಿ ಸೇರಿದರೆ ಜೂನ್‌ನಲ್ಲಿ ಅವಳು ಆ ಶಾಲೆ ಬಿಡಬೇಕು. ಅವಳ ತಾಯಿ ಹೋದಾಗಿನಿಂದ ನನ್ನ ಮಡಿಲಲ್ಲೇ ಬೆಳೆದಿದ್ದಾಳೆ, ಆದರೂ ಅವಳು ನಿನ್ನ ಮಗಳು, ನಾನು ಅತ್ತೆ. ಒಬ್ಬಳೇ ನಿರ್ಧಾರ ಮಾಡಲಾರೆ. ನೀನು ಹೇಳು.

ನಿನ್ನ ತಂಗಿ

ಜನವರಿ ೨೪

ಕಹಳೆಗೆ,

ಹುಟ್ಟಿದ ದಿನ ಬೀದಿಗೆಲ್ಲ ಕೇಳುವ ಹಾಗೆ ಅತ್ತವಳು ನೀನು, ಅದಕ್ಕೇ ಕಹಳೆ ಅಂತ ಹೆಸರಿಟ್ಟೆ. ಈಗ ಈ ಕಾಗದ ಓದಿ ಊರಿಗೆಲ್ಲ ಕೇಳುವ ಹಾಗೆ ಅಳು, ಪರವಾಗಿಲ್ಲ. ನನ್ನ ಉತ್ತರ: ಬೇಡ.

ತೃಪ್ತಿಯಂತೆ! ನೀನು ಆ ಪದ ಬರೆದಿಲ್ಲ, ಆದರೆ ಸಾಲುಸಾಲಿನ ನಡುವೆ ಅದೇ ಇಣುಕುತ್ತಿದೆ. ಅದು ಯಾವ ಅಂಗಡಿಯಲ್ಲಿ ನಡೆಯುವ ನೋಟು ತಂಗಿ? ಮನೆ ಮಾಲೀಕನಿಗೆ ಹೋಗಿ, ಸ್ವಾಮಿ, ಈ ತಿಂಗಳು ಬಾಡಿಗೆ ಬದಲು ಸ್ವಲ್ಪ ತೃಪ್ತಿ ಇಟ್ಟುಕೊಳ್ಳಿ ಅಂತೀಯಾ? ಹೊಟ್ಟೆ ತುಂಬಿದವರು ಊಟವಾದ ಮೇಲೆ ಆಡುವ ಮಾತು ಅದು. ನಮಗೆಲ್ಲಿಂದ ಬಂತು ಅದು?

ನೀನು ಮಿಷನ್ನಿನಿಂದ ಎದ್ದು ಲೈನಿನ ತಲೆಯಲ್ಲಿ ನಿಲ್ಲಲು ಎಷ್ಟು ವರ್ಷ ಹಿಡಿಯಿತು? ನಮ್ಮ ಮನೆಯಲ್ಲಿ ಕೂತು ಸಂಬಳ ಎಣಿಸುವ ಮಟ್ಟಕ್ಕೆ ಬಂದ ಮೊದಲ ಹೆಂಗಸು ನೀನು. ಅದನ್ನು ಬಿಟ್ಟು ಮತ್ತೆ ಸೂಜಿ ಹಿಡೀತೀನಿ ಅಂತೀಯ. ಕಾಲರ್ ಅಕ್ಕನ ಮೇಲೆ ಕನಿಕರ ಇದ್ದರೆ ಭಾನುವಾರ ಹೋಗಿ ಹೊಲಿದು ಕೊಡು, ಯಾರು ಬೇಡ ಅಂದರು? ಚೂಟಿ ಆ ಶಾಲೆಯಲ್ಲೇ ಓದಬೇಕು. ಅವಳು ಯಾರ ಮುಂದೆಯೂ ಕೈಕಟ್ಟಿ ನಿಲ್ಲಬಾರದು ಅಂತಲೇ ನಾನು ಈ ಮೂಲೆಗೆ ಬಂದು ಬಿದ್ದಿರೋದು.

ಇನ್ನೊಂದು. ಹೋದ ಭಾನುವಾರ ನಮ್ಮ ಶೆಡ್ಡಿನ ಫೋನಿಗೆ ಕರೆ ಬಂತು. ಅಡುಗೆಯವನು ನನ್ನನ್ನು ಕೂಗಿದ. ಓಡಿಬಂದು ಎತ್ತಿದೆ. ನಮ್ಮ ಬೀದಿಯ ಸದ್ದೆಲ್ಲ ಕೇಳಿಸುತ್ತಿತ್ತು, ಅಂಗಡಿಯವನ ರೇಡಿಯೊ, ಅವನ ಕೆಮ್ಮು ಕೂಡ. ನಿನ್ನ ದನಿ ಮಾತ್ರ ಇಲ್ಲ. ಹಲೋ ಹಲೋ ಅಂತ ಬಡಕೊಂಡೆ. ನೀನು ಇಟ್ಟುಬಿಟ್ಟೆ. ಕೆಟ್ಟ ಫೋನಿನಿಂದ ಕರೆ ಹೇಗೆ ಬಂತಮ್ಮಾ? ಸಿಟ್ಟಿದ್ದರೆ ಬಾಯಿಬಿಟ್ಟು ಬೈ. ಹೀಗೆ ಮೌನವ್ರತ ಹಿಡಿದು ಕಾಡಬೇಡ.

ಇಲ್ಲಿ ಮಳೆ. ಗೇಟಿನ ಹತ್ತಿರ ಬೂಟು ಹೂತುಹೋಗುವಷ್ಟು ಕೆಸರು. ಎಡಗಿವಿ ಹರಿದ ಒಂದು ನಾಯಿ ಬಂದು ಸೇರಿಕೊಂಡಿದೆ, ನನ್ನ ಬ್ರೆಡ್ಡಿನಲ್ಲಿ ಹಕ್ಕಿನ ಪಾಲು ಕೇಳುತ್ತೆ. ಕ್ರೇನು ನಡೀತಿದೆ. ನಾನು ಚೆನ್ನಾಗಿದ್ದೇನೆ.

ನಿನ್ನ ಅಣ್ಣ

ಫೆಬ್ರವರಿ ೩

ಅಣ್ಣಾ,

ಹೌದು, ಫೋನ್ ಮಾಡಿ ಮಾತಾಡದೆ ಇಟ್ಟೆ. ಸಿಟ್ಟು ಅಂದುಕೊಂಡೆಯಲ್ಲ, ಸಿಟ್ಟು ಅಂತಲೇ ಇಟ್ಟುಕೋ.

ಲೈನಿನ ತಲೆಯಲ್ಲಿ ನಿಲ್ಲುವ ದೊಡ್ಡಸ್ತಿಕೆ ನನಗೆ ಪಾಠ ಹೇಳಬೇಡ. ಅಲ್ಲಿ ನಿಂತಿರೋದು ನಾನು. ನನ್ನ ಕೆಲಸ ಏನು ಗೊತ್ತಾ? ಕೂಗೋದು. ಬಟ್ಟೆ ಹೊಲಿಯೋದು ಅವರು, ಸಂಬಳ ಜಾಸ್ತಿ ನನಗೆ, ಯಾಕೆಂದರೆ ಕೂಗೋದು ನಾನು. ಶೌಚಕ್ಕೆ ಹೋಗಲು ನನ್ನ ಹತ್ತಿರ ಇರುವ ಬಿಲ್ಲೆ ಕೇಳಬೇಕು. ಇಡೀ ಲೈನಿಗೆ ಒಂದೇ ಬಿಲ್ಲೆ. ಬಿಲ್ಲೆ ಕೊಟ್ಟು ಗಡಿಯಾರ ನೋಡಬೇಕು, ತಡವಾದರೆ ಬಾಗಿಲು ಬಡಿಯಬೇಕು. ಮನುಷ್ಯರ ಉಚ್ಚೆಗೆ ಕಾವಲು ನಿಲ್ಲುವ ಕೆಲಸಕ್ಕೆ ನೀನು ಮೇಲಿನ ಮಟ್ಟ ಅಂತೀಯ. ಒಂದು ಕಾಲದಲ್ಲಿ ಕಾರ್ಖಾನೆಯ ಗೇಟಿನ ಮುಂದೆ ಮುಷ್ಟಿ ಎತ್ತಿ ನಿಂತವನು ನೀನು. ಅದಕ್ಕಾಗಿ ಇಲ್ಲಿ ಯಾರೂ ನಿನಗೆ ಕೆಲಸ ಕೊಡದೆ ಅಷ್ಟು ದೂರ ಅಟ್ಟಿದರು. ಆ ಅಣ್ಣ ಎಲ್ಲಿ ಹೋದ? ಮಾಲೀಕನ ಭಾಷೆಯಲ್ಲಿ ಕಾಗದ ಬರೆದವನು ಯಾರು?

ತೃಪ್ತಿ ಅಂತ ನಾನು ಕುಣಿಯುತ್ತಿಲ್ಲ. ಆಸ್ಪತ್ರೆಯ ಆಡಳಿತದ ಸಾಹೇಬರ ಹತ್ತಿರ ಹೋಗಿ ಕೇಳಿದೆ. ಮಾತಿನಲ್ಲಿ ಕೇಳಿದರೆ ಮರೀತಾರೆ ಅಂತ ಚೀಟಿಯಲ್ಲಿ ಬರೆದು ಮುಂದಿಟ್ಟೆ: ಶರ್ಟಿಗೆ ಕಾಲರ್ ಹಚ್ಚಿಸುವವಳಿಗೆ ಅಷ್ಟು ಸಂಬಳ, ಸುಟ್ಟ ಮೈಗೆ ಬಟ್ಟೆ ಹೊಲಿಯುವವಳಿಗೆ ಅದರಲ್ಲಿ ಅರ್ಧ, ಯಾಕೆ? ಅವರು ಕನ್ನಡಕ ತೆಗೆದು, "ಇದು ಸೇವೆ ಅಮ್ಮಾ, ಪುಣ್ಯದ ಕೆಲಸ" ಅಂದರು. ಅದೇ ಚೀಟಿಯ ಹಿಂದೆ ಬರೆದೆ: ನಿಮ್ಮ ಸಂಬಳವೂ ಪುಣ್ಯದಲ್ಲೇ ಬರುತ್ತಾ ಸಾರ್? ಅವರು ಓದಿ ಚೀಟಿಯನ್ನು ಜೇಬಿಗೆ ಹಾಕಿಕೊಂಡರು. ಒಳ್ಳೆಯ ಕೆಲಸ ಮಾಡುವವರಿಗೆ ಒಳ್ಳೆಯತನವೇ ಕೂಲಿ ಅಂತ ಯಾರೋ ತೀರ್ಮಾನ ಮಾಡಿ ನಮ್ಮ ತಲೆಗೆ ಕಟ್ಟಿದ್ದಾರೆ. ನನಗೂ ಅದು ಗೊತ್ತು, ಮೈ ಉರಿಯುತ್ತೆ. ಆದರೂ ಆ ಕೋಣೆ ಬೇಕು ನನಗೆ. ಈ ಎರಡರ ನಡುವೆ ನಿದ್ದೆ ಬರುತ್ತಿಲ್ಲ.

ನಿನ್ನ ಮಗಳು ಚೆನ್ನಾಗಿದ್ದಾಳೆ. ನಿನ್ನನ್ನು ಕೇಳೋದೂ ಇಲ್ಲ.

ತಂಗಿ

ಫೆಬ್ರವರಿ ೫

ಅಪ್ಪಾ,

ಅತ್ತೆಗೆ ಗೊತ್ತಿಲ್ಲದೆ ಬರೀತಿದ್ದೀನಿ. ಸ್ಟಾಂಪು ನನ್ನ ದುಡ್ಡಲ್ಲಿ. ಅತ್ತೆ ನಿನಗೆ ಏನು ಬರೀತಾಳೋ ಗೊತ್ತಿಲ್ಲ, ಗಟ್ಟಿಯಾಗಿ ಅಂಟಿಸಿರ್ತಾಳೆ. ಆದರೆ ಒಂದು ವಿಷಯ ಬರೆದಿರಲ್ಲ ಅಂತ ನನಗೆ ಗ್ಯಾರಂಟಿ.

ಅತ್ತೆಗೆ ದನಿ ಹೋಗಿದೆ.

ಪೂರ್ತಿ ಅಲ್ಲ. ಗಾಳಿ ಬರುತ್ತೆ, ಮಾತು ಬರಲ್ಲ. ಗಂಟಲಲ್ಲಿ ಗಂಟು ಆಗಿದೆಯಂತೆ, ಕೂಗಿ ಕೂಗಿ. ಡಾಕ್ಟರ್ ತಿಂಗಳುಗಟ್ಟಲೆ ಮಾತಾಡಬೇಡ, ಕೂಗೋದಂತೂ ಜನ್ಮದಲ್ಲಿ ಬೇಡ ಅಂದಿದ್ದಾರೆ. ಅವತ್ತು ನಿನಗೆ ಫೋನ್ ಮಾಡಿದಾಗ ನಾನೂ ಇದ್ದೆ. ಅತ್ತೆ ಬಾಯಿ ತೆರೆದಳು, ಏನೂ ಬರಲಿಲ್ಲ. ನೀನು ಹಲೋ ಅನ್ನೋದು ನನಗೂ ಕೇಳಿಸ್ತಿತ್ತು. ನಾನು ಮಾತಾಡೋಕೆ ಹೋದೆ, ಬೇಡ ಅಂತ ನನ್ನ ಬಾಯಿ ಮುಚ್ಚಿದಳು.

ಮ್ಯಾನೇಜರ್ ಏನು ಮಾಡಿದಾನೆ ಗೊತ್ತಾ? ಅತ್ತೆಗೆ ಸೀಟಿ ತಂದುಕೊಟ್ಟಿದಾನೆ! ಕೂಗೋ ಬದಲು ಊದು ಅಂತ. ಪಕ್ಕದ ಮನೆ ಆಂಟಿ ಅತ್ತೆಗೆ ರೆಫ್ರಿ ಅಂತಾರೆ. ಮನೇಲಿ ನನ್ನನ್ನ ಕರೆಯೋಕೆ ತಟ್ಟೆ ಬಡೀತಾಳೆ. ಒಂದು ಸಲ ಬಡಿದರೆ ಊಟ, ಎರಡು ಸಲ ಬಡಿದರೆ ಬೈಗುಳ. ನಗು ಬರುತ್ತೆ, ಆದರೆ ಹೆದರಿಕೆನೂ ಆಗುತ್ತೆ.

ನಾನು ಶಾಲೆಯ ವಿಜ್ಞಾನದ ಗುಂಪಿಗೆ ಸೇರಿದೀನಿ. ಮುಂದಿನ ವರ್ಷ ಮೈಕ್ರೋಸ್ಕೋಪ್ ಮುಟ್ಟೋಕೆ ಬಿಡ್ತಾರಂತೆ. ನೀನು ಯಾವಾಗ ಬರ್ತೀಯ? ದಿನಾ ಕೇಳ್ತೀನಿ, ಅತ್ತೆ ತಟ್ಟೆ ಬಡೀತಾಳೆ.

ಚೂಟಿ

ಫೆಬ್ರವರಿ ೧೮

ತಂಗಿ,

ಮಗಳು ಬರೆದಳು. ಅವಳಿಗೆ ತಟ್ಟೆ ಬಡಿಯಬೇಡ.

ಕಹಳೆ ಅಂತ ಕರೆದಿದ್ದೆ ನಿನ್ನನ್ನು, ಆ ಕಾಗದವನ್ನು ನೀನು ಹೇಗೆ ಓದಿದೆಯೋ. ಸೀಟಿ ಕೊಟ್ಟನಂತೆ! ಗಂಟಲು ತಿಂದದ್ದು ಸಾಲದು ಅಂತ ಶ್ವಾಸಕೋಶಕ್ಕೂ ಬಾಯಿ ಹಾಕಿದ್ದಾನೆ. ಆ ಸೀಟಿಯನ್ನು ಅವನ ಕೈಗೇ ಕೊಟ್ಟು ಬಾ.

ಹೋಗು, ಸೇರು. ನಾಳೆಯೇ ಸೇರು. ನಾನು ಬೇಡ ಅಂದದ್ದನ್ನು ಹರಿದು ಬಿಸಾಕು. ಚೂಟಿಯ ಫೀಸಿನ ಚಿಂತೆ ಬೇಡ, ನಾನು ನೋಡಿಕೊಳ್ತೀನಿ. ಕ್ರೇನಿನಲ್ಲಿ ನನಗೆ ಹೆಚ್ಚಿನ ಪಾಳಿ ಕೊಟ್ಟಿದ್ದಾರೆ, ಸಂಬಳ ಏರಿದೆ. ಆ ಶಾಲೆಯೂ ಉಳಿಯುತ್ತೆ, ನಿನ್ನ ಗಂಟಲೂ ಉಳಿಯುತ್ತೆ. ಯೋಚನೆ ಮಾಡೋಕೆ ಏನೂ ಇಲ್ಲ.

ನಾಯಿಯ ಕಿವಿ ಮಾಗಿದೆ. ಅದಕ್ಕೊಂದು ಹಳೆ ಗೋಣಿ ಹಾಸಿಕೊಟ್ಟೆ, ಲಾರಿ ಬಂದಾಗ ನನಗಿಂತ ಮೊದಲು ಅದೇ ಎದ್ದು ಬೊಗಳುತ್ತೆ. ನಾನು ತುಂಬಾ ಚೆನ್ನಾಗಿದ್ದೇನೆ.

ಅಣ್ಣ

ಮಾರ್ಚ್ ೧

ಅಣ್ಣಾ,

"ತುಂಬಾ ಚೆನ್ನಾಗಿದ್ದೇನೆ" ಅಂತ ನೀನು ಯಾವತ್ತೂ ಬರೆದವನಲ್ಲ.

ನಿನ್ನ ಹಳೆಯ ಕಾಗದಗಳನ್ನು ತೆಗೆದು ಓದಿದೆ. ಎಲ್ಲದರಲ್ಲೂ ಗಾಳಿ. ಮೇಲೆ ಗಾಳಿ ಹೆಚ್ಚಾಗಿ ಕ್ಯಾಬಿನ್ ತೂಗಿತು, ಕೆಳಗಿನ ಜನ ಇರುವೆ ಹಾಗೆ ಕಂಡರು, ಹದ್ದು ಬಂದು ಕಿಟಕಿಯ ಹತ್ತಿರ ಕೂತಿತು. ಈ ವರ್ಷದ ಎರಡು ಕಾಗದದಲ್ಲಿ ಗಾಳಿಯೇ ಇಲ್ಲ. ಬರೀ ಕೆಸರು, ಗೇಟು, ನಾಯಿ, ಲಾರಿ. ಜನ ಇರುವೆಯಷ್ಟು ಕಾಣುವ ಎತ್ತರದಲ್ಲಿ ಕೂತವನಿಗೆ ನಾಯಿಯ ಎಡಗಿವಿ ಹರಿದದ್ದು ಹೇಗೆ ಕಾಣಿಸಿತು? ಲಾರಿ ಬಂದರೆ ನೀನು ಯಾಕೆ ಏಳಬೇಕು?

ನಿನ್ನನ್ನು ಕ್ರೇನಿನಿಂದ ಇಳಿಸಿದ್ದಾರೆ. ಹೌದೋ ಅಲ್ಲವೋ?

ಏನಾಗಿದೆ ನಿನಗೆ? ಬಿದ್ದೆಯಾ? ಕೈಕಾಲು ಇದೆಯಾ? ಯಾರಾದರೂ ಸತ್ತರಾ? ಬೀದಿಯಲ್ಲಿ ಅಂಚೆಯವನ ಸೈಕಲ್ ಕಂಡರೆ ಎದೆ ಹಾರುತ್ತೆ, ಕಾಣದಿದ್ದರೂ ಹಾರುತ್ತೆ. ಆಸ್ಪತ್ರೆಗೆ ಇನ್ನೂ ಹ್ಞೂಂ ಅಂದಿಲ್ಲ. ನಿನ್ನ ಸಂಬಳವೂ ಇಳಿದಿದ್ದರೆ ನಾನು ಹ್ಞೂಂ ಅನ್ನುವ ಹಾಗೆ ಇಲ್ಲ. ಸೀಟಿ ಊದುತ್ತಲೇ ಇದ್ದೇನೆ. ನಾನು ಊದಿದರೆ ಹುಡುಗಿಯರು ಬೆಚ್ಚಿ ಬೀಳ್ತಾರೆ, ಒಬ್ಬಳು ನಿನ್ನೆ ಬೆರಳಿಗೆ ಸೂಜಿ ಹೊಡೆದುಕೊಂಡಳು.

ನಿಜ ಬರೆ. ನನ್ನ ದನಿ ಹೋದದ್ದನ್ನು ಮುಚ್ಚಿಟ್ಟದ್ದಕ್ಕೆ ನೀನು ಬೈಯುವುದು ಬಾಕಿ ಇದೆ, ಅದನ್ನೂ ಸೇರಿಸಿ ಬರೆ. ಬೇಗ.

ತಂಗಿ

ಮಾರ್ಚ್ ೧೧

ತಂಗಿ,

ಕೈಕಾಲು ಇದೆ. ಯಾರೂ ಸತ್ತಿಲ್ಲ. ಅದನ್ನು ಮೊದಲು ಓದಿಕೋ.

ಡಿಸೆಂಬರ್‌ನಿಂದ ತಲೆ ತಿರುಗುತ್ತಿತ್ತು. ಊಟ ಸರಿಹೋಗಿಲ್ಲ ಅಂದುಕೊಂಡೆ, ಬಿಸಿಲು ಅಂದುಕೊಂಡೆ. ಹೊಸ ವರ್ಷದ ಮೊದಲ ವಾರ ಕಬ್ಬಿಣದ ಕಂಬಿಗಳ ಕಟ್ಟು ಎತ್ತಿ ತಿರುಗಿಸುತ್ತಿದ್ದೆ. ಇದ್ದಕ್ಕಿದ್ದಂತೆ ಇಡೀ ಊರು ಒಂದು ಕಡೆ ವಾಲಿತು. ಕೆಳಗೆ ಜನ. ಸಿಗ್ನಲ್ ಕೊಡುವವನು ತಿರುಗಿಸು ತಿರುಗಿಸು ಅಂತ ಕೈ ಬೀಸುತ್ತಿದ್ದಾನೆ. ನನಗೆ ಅವನು ಇಬ್ಬರಾಗಿ ಕಾಣ್ತಾನೆ. ನಿಲ್ಲಿಸಿಬಿಟ್ಟೆ. ಎಲ್ಲರನ್ನೂ ಆಚೆ ಕಳಿಸುವ ತನಕ ಗುಂಡಿ ಮುಟ್ಟಲ್ಲ ಅಂತ ವೈರ್‌ಲೆಸ್ಸಿನಲ್ಲಿ ಕೂಗಿದೆ. ಜಾಗ ಖಾಲಿಯಾದ ಮೇಲೆ ಕಟ್ಟನ್ನು ಇಳಿಸಿ, ಏಣಿಯ ಮೆಟ್ಟಿಲು ತಬ್ಬಿಕೊಂಡು ಇಳಿದು, ಇನ್ನು ಹತ್ತಲ್ಲ ಅಂದೆ.

ಅವತ್ತೇ ಗೇಟಿಗೆ ಹಾಕಿದರು. ಕಾವಲುಗಾರ. ಸಂಬಳ ಅರ್ಧ. ಎಂಜಿನಿಯರು, "ಸುಮ್ಮನೆ ಇಳಿಸಿ ಮಾತ್ರೆ ತಗೊಂಡಿದ್ದರೆ ಯಾರಿಗೂ ಗೊತ್ತಾಗ್ತಿರಲಿಲ್ಲವಲ್ಲೋ ಪೆದ್ದ" ಅಂದ. ಅಷ್ಟು ವರ್ಷ ಆ ಕ್ರೇನಿನಲ್ಲಿ ಕೂತಿದ್ದೆ. ಸರಿಯಾದ ಕೆಲಸ ಮಾಡಿದೆ ಅಂತ ನನಗೆ ಅನ್ನಿಸಿದ್ದು ಆ ಒಂದು ದಿನ. ಅದೇ ದಿನ ನನ್ನ ಬೆಲೆ ಅರ್ಧ ಮಾಡಿದರು. ನಿನಗೆ ತೃಪ್ತಿ ಯಾವ ಅಂಗಡಿಯ ನೋಟು ಅಂತ ಬರೆದೆನಲ್ಲ, ಆಗ ಗೇಟಿನಲ್ಲಿ ಕೂತೇ ಬರೆದದ್ದು. ನಿನಗೆ ಬೈದದ್ದಲ್ಲ ಅದು. ಹೆದರಿ ಬಡಬಡಿಸಿದ್ದು. ನಿನ್ನ ಸಂಬಳವೂ ಅರ್ಧವಾದರೆ ಮಗಳ ಶಾಲೆ ಗ್ಯಾರಂಟಿ ಹೋಗುತ್ತೆ. ಮೈಕ್ರೋಸ್ಕೋಪ್ ಅಂತ ಬರೆದಿದ್ದಾಳೆ ಅವಳು.

ಸಂಬಳ ಏರಿದೆ ಅಂತ ಸುಳ್ಳು ಬರೆದೆ, ಕೂಡಿಟ್ಟದ್ದರಲ್ಲಿ ತೆಗೆದು ಮೊದಲಿನಷ್ಟೇ ಕಳಿಸುತ್ತಿದ್ದೆ. ಈಗ ನಿಜ ಗೊತ್ತಾಯ್ತು. ಸೇರು ಅಂತಲೂ ಹೇಳಲ್ಲ, ಬಿಡು ಅಂತಲೂ ಹೇಳಲ್ಲ, ಹೇಳುವ ಧೈರ್ಯ ಇಲ್ಲ. ಒಪ್ಪಂದ ಮೇ ಕೊನೆಗೆ ಮುಗಿಯುತ್ತೆ. ಅಲ್ಲಿಗೆ ಬಂದರೆ ನನಗೆ ಏನು ಕೆಲಸ ಸಿಗುತ್ತೋ, ಸಿಗುತ್ತೋ ಇಲ್ಲವೋ. ನೆಲದ ಮೇಲೆ ಕೂತಿದ್ದೇನೆ, ಈಗಲೂ ಕಣ್ಣು ಮುಚ್ಚಿದರೆ ವಾಲುತ್ತೆ.

ಅಣ್ಣ

ಏಪ್ರಿಲ್ ೨

ಅಣ್ಣಾ,

ಆಸ್ಪತ್ರೆಯ ಕೆಲಸಕ್ಕೆ ಸೇರಿದೆ. ಇವತ್ತಿಗೆ ಎರಡನೇ ದಿನ.

ಮ್ಯಾನೇಜರನ ಮೇಜಿನ ಮೇಲೆ ಸೀಟಿ, ಬಿಲ್ಲೆ ಎರಡನ್ನೂ ಇಟ್ಟು ಬಂದೆ. ಹಬೆ ಪೈಪಿಗೆ ಈಗಲೂ ಚಿಂದಿಯೇ. ಅದನ್ನೇ ಅರ್ಜಿಯಾಗಿ ಬರೆದೆ. ಕಾಲರ್ ಅಕ್ಕ ಎಡಗೈಯಲ್ಲಿ ಸಹಿ ಹಾಕಿದಳು, ಲೈನಿನವರು ಅರ್ಧಕ್ಕರ್ಧ ಹಾಕಿದರು, ಮಿಕ್ಕವರು ತಲೆ ತಗ್ಗಿಸಿಕೊಂಡು ಹೊಲಿದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಅರ್ಜಿ ಕಾರ್ಮಿಕ ಕಚೇರಿಗೆ ಹೋಗಿದೆ. ಏನಾಗುತ್ತೋ ಗೊತ್ತಿಲ್ಲ. ಸಹಿ ಹಾಕಿದವರನ್ನು ಏನು ಮಾಡ್ತಾರೋ ಅಂತ ದಿಗಿಲು.

ಹೊಲಿಗೆ ಕೋಣೆಯಲ್ಲಿ ನನ್ನ ಜೊತೆ ಮೂವರು ಹೆಂಗಸರು. ಸಂಬಳದ ಮಾತೆತ್ತಿದರೆ ಒಬ್ಬಳು, "ಅಯ್ಯೋ, ಸೇವೆಯಲ್ಲಿ ಹಾಗೆಲ್ಲ ಕೇಳಬಾರದು" ಅಂದಳು. ಸಾಹೇಬರು ಅವರಿಗೂ ಅದೇ ಮಂತ್ರ ಉಪದೇಶ ಮಾಡಿದ್ದಾರೆ. ಮಧ್ಯಾಹ್ನ ಟೀ ಕುಡಿಯುವಾಗ ಇನ್ನೊಬ್ಬಳು ನನ್ನ ಕಿವಿಯ ಹತ್ತಿರ ಬಂದು, ಆ ಚೀಟಿಯಲ್ಲಿ ನಿಜವಾಗಲೂ ಏನು ಬರೆದಿದ್ದೆ ಅಂತ ಕೇಳಿದಳು. ಸದ್ಯಕ್ಕೆ ಅಷ್ಟು.

ನಿರ್ಧಾರ ಹೇಗಾಯ್ತು ಅನ್ನೋದನ್ನು ಕೊನೆಗೆ ಇಟ್ಟುಕೊಂಡೆ, ಬರೆಯಲು ಕಷ್ಟ.

ನಿನ್ನ ಕಾಗದ ಓದಿದ ಮೇಲೆ ನನಗೆ ದಾರಿಯೇ ಕಾಣಲಿಲ್ಲ. ನಿನ್ನ ಕಾಗದಗಳನ್ನೆಲ್ಲ ಚೂಟಿಯ ಮುಂದೆ ಇಟ್ಟೆ. ನಾನು ಬರೆದದ್ದು ಏನು ಅಂತ ಪಿಸುಮಾತಿನಲ್ಲಿ ಹೇಳಿದೆ. ಅವಳು ಎಲ್ಲ ಓದಿದಳು. ಕ್ರೇನಿನ ಕಾಗದವನ್ನು ಮತ್ತೆ ಓದಿದಳು. ಅಳ್ತಾಳೆ ಅಂದುಕೊಂಡೆ. ಅಳಲಿಲ್ಲ. ಸಿಡಿದುಬಿದ್ದಳು.

"ಜನವರಿಯಿಂದ ನನ್ನ ಶಾಲೆ ಬಗ್ಗೆ ಬರ್ಕೊಂಡಿದ್ದೀರ. ಅಪ್ಪ ಬೇಡ ಅಂತಾನೆ, ಬೇಕು ಅಂತಾನೆ. ನೀನು ಹೋಗಲಾ ಅಂತೀಯ, ಬಿಡಲಾ ಅಂತೀಯ. ಇಷ್ಟು ಕಾಗದದಲ್ಲಿ ಯಾರಾದರೂ ಚೂಟೀನ ಒಂದು ಮಾತು ಕೇಳೋಣ ಅಂತ ಬರೆದಿದೀರಾ? ಮ್ಯಾನೇಜರ್ ನಿಮ್ಮನ್ನ ಕೇಳಲ್ಲ ಅಂತ ಬೈತೀರಲ್ಲ, ನನಗೆ ನೀವಿಬ್ಬರೂ ಮ್ಯಾನೇಜರ್‌ಗಳೇ!"

ಗೇಟಿನ ಮುಂದೆ ಘೋಷಣೆ ಕೂಗಿದ ಮನೆ ನಮ್ಮದು. ಮನೆಯೊಳಗಿನ ಮಗುವನ್ನು ಕೇಳಬೇಕು ಅಂತ ನಿನಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ಈಗ ಕೇಳ್ತಿದ್ದೀನಿ, ಹೇಳು ಅಂದೆ. ಬೇಡ ಅಂದರೆ ಬಿಟ್ಟುಬಿಡ್ತೀನಿ ಅಂದೆ, ನಿಜವಾಗಲೂ ಹಾಗೇ ಅಂದುಕೊಂಡಿದ್ದೆ. ಮೂರನೇ ದಿನ ಶಾಲೆಯಿಂದ ಬಂದು ಬ್ಯಾಗನ್ನು ಹೆಗಲಿನಿಂದ ಇಳಿಸದೆ ಬಾಗಿಲಲ್ಲೇ ನಿಂತು ಹೇಳಿದಳು:

"ನೀನು ಆಸ್ಪತ್ರೆಗೆ ಹೋಗು. ಅಪ್ಪನಿಗೆ ವಾಪಸ್ ಬಾ ಅಂತ ಬರಿ. ನಾನು ಫೀಸಿಲ್ಲದ ಸರ್ಕಾರಿ ಶಾಲೆಗೆ ಹೋಗ್ತೀನಿ. ಆದರೆ ಇದರಿಂದ ನನಗೆ ಒಳ್ಳೇದಾಗುತ್ತೆ ಅಂತ ಇಬ್ಬರೂ ಹೇಳಬಾರದು. ಚೂಟಿ ಖುಷಿಯಾಗಿ ಒಪ್ಪಿಕೊಂಡಳು ಅಂತ ಅಪ್ಪನಿಗೆ ಬರೀಬಾರದು."

ಬರೆಯುತ್ತಿಲ್ಲ, ಅಣ್ಣಾ. ಅವಳು ಖುಷಿಯಾಗಿ ಒಪ್ಪಿಕೊಂಡಿಲ್ಲ. ನೀನು ವಾಪಸ್ ಬಾ.

ತಂಗಿ